ಕೆಂಪು ಗೆರೆಗೆ ಬೆಲ್ಲ

ಮಾರ್ಕ್ಸ್ ಕಾರ್ಡು ಕೊಡುವ ದಿನ ಬಂತೆಂದರೆ ಹಿರೀಸಾವೆ ಹತ್ತಿರದ ಆ ಊರಿನಲ್ಲಿ ಸಂಜೆ ಹೊತ್ತಿಗೆ ಮಕ್ಕಳ ಬೆನ್ನು ಕಾಯುವವರೇ ಇರುತ್ತಿರಲಿಲ್ಲ. ಒಂದು ಮನೆಯಲ್ಲಿ ಹುಣಿಸೆ ಬರಲು, ಇನ್ನೊಂದು ಮನೆಯಲ್ಲಿ ಬಾರುಕೋಲು, ಏನೂ ಕೈಗೆ ಸಿಗದ ಮನೆಯಲ್ಲಿ ಮುದ್ದೆ ತಿರುವುವ ಕೋಲು. ಕೇರಿಯ ಕೊನೆಯ ಮನೆಯಲ್ಲಿ ಮಾತ್ರ ಬೇರೆಯೇ ಪದ್ಧತಿ. ಆ ಮನೆಯ ಮಲ್ಲಿಗಮ್ಮ ಮಗಳು ತಂದ ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದಳು. ಅವಳಿಗೆ ಓದು ಬಾರದು. ಆದರೆ ಫೇಲಾದ ನಂಬರಿನ ಕೆಳಗೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾರೆಂದು ಗೊತ್ತು.

"ಎಲ್ಲಾ ಕೆಂಪೇನಮ್ಮಿ?"

"ಊಂ ಕಣವ್ವ, ಎಲ್ಲಾ ಕೆಂಪೇ."

"ಸದ್ಯ ಬುಡು," ಎಂದು ಉಸಿರು ಬಿಟ್ಟು, ಗೂಡಿನಲ್ಲಿದ್ದ ಮಡಕೆಗೆ ಕೈಹಾಕಿ, ಒಂದು ಚೂರು ಬೆಲ್ಲ ತೆಗೆದು ಮಗಳ ಬಾಯಿಗಿಡುತ್ತಿದ್ದಳು.

ಹೌದು, ಬೆಲ್ಲ. ನಗು ಬಂದರೆ ನಕ್ಕುಬಿಡಿ, ಊರವರೂ ನಗುತ್ತಿದ್ದರು. "ಫೇಲಾದ ಮಗೀಗೆ ಬೆಲ್ಲ ತಿನ್ಸೋ ತಾಯ್ನ ನಾನೆಲ್ಲೂ ಕಾಣೆ ಕಣಪ್ಪ" ಎಂದು ನೆರೆಮನೆಯ ಮಾರಮ್ಮ ಆಡಿಕೊಳ್ಳುತ್ತಿದ್ದಳು. ಆದರೆ ಮಾರಮ್ಮನಿಗೂ ಒಳಗಿನ ಸಂಗತಿ ಗೊತ್ತಿತ್ತು, ಆದ್ದರಿಂದ ಅವಳ ನಗು ತುಟಿಯ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು.

ಈ ಹುಡುಗಿ ಹುಟ್ಟುವುದಕ್ಕೆ ಮೊದಲು ಮಲ್ಲಿಗಮ್ಮನಿಗೂ ಗಂಡ ದ್ಯಾವಯ್ಯನಿಗೂ ಒಬ್ಬ ಮಗನಿದ್ದ, ಮಂಜುನಾಥ. ಆ ಕೇರಿಯಿಂದ ಹೋಗಿ ಶಾಲೆಯ ಒಳಗೆ ಕುಳಿತ ಮೊದಲ ಮಗು ಅವನೇ. ಬರೀ ಕುಳಿತದ್ದಲ್ಲ, ನಾಲ್ಕನೇ ಕ್ಲಾಸಿಗೇ ಮೊದಲಿಗನಾದ. ಇನ್‌ಸ್ಪೆಕ್ಟರು ಬಂದ ದಿನ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, ಊರ ದೊಡ್ಡವರೆಲ್ಲ ನೆರೆದಿದ್ದ ಅಂಗಳದಲ್ಲಿ ಓದಿಸಿದರು. ಹುಡುಗ ಹುರುಳಿ ಹುರಿದ ಹಾಗೆ ಪಟಪಟನೆ ಓದಿದ. "ನೋಡ್ರಲಾ, ದ್ಯಾವಯ್ಯನ ಮಗ! ನಿಮ್ಮ ಮಕ್ಳಿಗೆ ಬತ್ತದಾ ಇಂಗೆ?" ಎಂದು ಪಟೇಲರು ತಮ್ಮವರನ್ನೇ ಹಂಗಿಸಿದರು. ಬೇಲಿಯಾಚೆ ನಿಂತಿದ್ದ ಮಲ್ಲಿಗಮ್ಮ ಹಿಗ್ಗಿ ಹೀರೇಕಾಯಿಯಾದಳು. ಹಿಗ್ಗುತ್ತಿರುವಾಗಲೇ ಅವಳಿಗೆ ಆ ಕಣ್ಣುಗಳು ಕಂಡವು. ಎಷ್ಟೊಂದು ಕಣ್ಣು, ಎಲ್ಲವೂ ತನ್ನ ಮಗನ ಮೇಲೆ! ಎಲ್ಲವೂ ಮೆಚ್ಚಿಯೇ ನೋಡುತ್ತಿದ್ದವೆಂದು ಹೇಗೆ ಹೇಳುವುದು?

ಅದೇ ವಾರ ಹುಡುಗನಿಗೆ ಜ್ವರ ಬಂತು. ಅಮಾವಾಸ್ಯೆಯ ಹೊತ್ತಿಗೆ ಮಣ್ಣು ಮಾಡಿದ್ದೂ ಆಯಿತು. ಆ ವರ್ಷ ವಿಷಮಶೀತ ಜ್ವರ ಬಂದು ಮೇಲಿನ ಬೀದಿಯಲ್ಲೂ ಮಕ್ಕಳು ಹೋದವು ಎಂದು ಯಾರು ಎಷ್ಟು ಹೇಳಿದರೂ ಅವಳ ಕಿವಿಗೆ ಬೀಳಲಿಲ್ಲ. ಹೆತ್ತ ಹೊಟ್ಟೆಗೆ ನ್ಯಾಯ ಹೇಳುವವರು ಯಾರು?

ಆಮೇಲೆ ಹುಟ್ಟಿದ್ದು ಈ ಹೆಣ್ಣು. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬಂದರು. ಮಾರಮ್ಮ ಹೋಗಿ, "ಯಾರೋ ಬಿಸಾಕವ್ರೆ, ನಂಗ್ ಸಿಕ್ತು" ಎಂದು ಎತ್ತಿಕೊಂಡು ಬಂದಳು. ಮಲ್ಲಿಗಮ್ಮ ಅವಳಿಗೆ ಒಂದು ಸೇರು ತೌಡು ಅಳೆದು ಕೊಟ್ಟು ತನ್ನ ಮಗುವನ್ನು ತಾನೇ ಕೊಂಡುಕೊಂಡಳು. ತಿಪ್ಪಮ್ಮ ಎಂದು ಹೆಸರಿಟ್ಟಳು. ತಿಪ್ಪೆಯಲ್ಲಿ ಸಿಕ್ಕ, ತೌಡಿನ ಬೆಲೆಯ ಕೂಸಿನ ಕಡೆ ಸಾವು ತಿರುಗಿ ನೋಡುವುದಿಲ್ಲ ಎಂದು ಹಿಂದಿನಿಂದ ಬಂದ ನಂಬಿಕೆ. ಮಕ್ಕಳು ಉಳಿಯದ ಮನೆಗಳಲ್ಲಿ ಎಲ್ಲರೂ ಮಾಡುವುದೇ ಇದು, ಮಾಡಿ ಸುಮ್ಮನಾಗುತ್ತಾರೆ. ಮಲ್ಲಿಗಮ್ಮ ಸುಮ್ಮನಾಗಲಿಲ್ಲ. ತನ್ನ ಮಗಳನ್ನು ಯಾರೂ ಚೆಂದ ಅನ್ನಬಾರದು, ಜಾಣೆ ಅನ್ನಬಾರದು. ತಾನಂತೂ ಕರೆಯುವುದೇ "ದಡ್ಡಿ" ಎಂದು.

ತಿಪ್ಪಿ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕುಣಿಯುತ್ತ ಬಂದಳು. ಲೆಕ್ಕ ಎಲ್ಲ ಸರಿಯಾಗಿತ್ತಂತೆ, ಮೇಷ್ಟ್ರು ಎಲ್ಲರ ಮುಂದೆ ಭೇಷ್ ಅಂದರಂತೆ, "ಥೇಟ್ ನಿಮ್ಮಣ್ಣನಂಗೇ ಕಣೇ" ಅಂದರಂತೆ. ಮಲ್ಲಿಗಮ್ಮನ ಕೈಯಲ್ಲಿದ್ದ ನೀರಿನ ಬಿಂದಿಗೆ ಜಾರಿ ಬಿತ್ತು. ಅವಳು ಮಗಳ ಸ್ಲೇಟನ್ನು ಕಿತ್ತುಕೊಂಡು ಕಲ್ಲಿಗೆ ಅಪ್ಪಳಿಸಿದಳು. ಎದೆ ಎದೆ ಬಡಿದುಕೊಂಡು ಅತ್ತಳು. "ಜಾಣೆ ಆಗ್ಬ್ಯಾಡ ಕಣೇ, ಜಾಣೆ ಆದ್ರೆ ಸತ್ತೋಯ್ತೀಯ, ನಿಮ್ಮಣ್ಣನಂಗೇ ಸತ್ತೋಯ್ತೀಯ" ಎಂದು ಮಗುವನ್ನು ಅಪ್ಪಿಕೊಂಡು ಅಲ್ಲಾಡಿಸಿದಳು. ಆ ಗಾಬರಿಗೋ ಏನೋ, ಮಗುವಿಗೆ ಬೆಳಗಾಗುವಷ್ಟರಲ್ಲಿ ಮೈ ಕಾದಿತ್ತು. ನಾಲ್ಕು ದಿನಕ್ಕೆ ಜ್ವರ ಬಿಟ್ಟಿತು. ಅದಾದ ಮೇಲೆ ತಿಪ್ಪಿ ಒಂದು ಲೆಕ್ಕವನ್ನೂ ಸರಿಯಾಗಿ ಮಾಡಲಿಲ್ಲ, ಕಾರ್ಡಿನಲ್ಲಿ ಕೆಂಪು ಗೆರೆ ಬೀಳುವುದು ತಪ್ಪಲಿಲ್ಲ, ಮಲ್ಲಿಗಮ್ಮನ ಬೆಲ್ಲವೂ ತಪ್ಪಲಿಲ್ಲ.

ಮೂರನೇ ಕ್ಲಾಸಿನವರೆಗೆ ಹೇಗೋ ದೂಡಿಕೊಂಡು ಹೋದರು. ನಾಲ್ಕರಲ್ಲಿ ಫೇಲಾಗಿ ಕೂತಳು. ಇನ್ನೊಂದು ಸಲ ಫೇಲಾದರೆ ಹೆಸರು ಹೊಡೆಯುತ್ತಾರೆ ಎಂದು ಹೆಡ್ ಮೇಷ್ಟ್ರು ಹೇಳಿ ಕಳಿಸಿದರು. ಅದೇ ಸಮಯಕ್ಕೆ ಅರಕಲಗೂಡಿನ ಕಡೆಯಿಂದ ದ್ಯಾವಯ್ಯನ ಅಕ್ಕ ಸಣ್ಣಕ್ಕ ಬಂದಳು. ಅವಳಿಗೆ ಮಗನಿದ್ದ, ಮನೆ ತುಂಬ ಕೆಲಸವಿತ್ತು.

"ಓದೋ ಎಣ್ಣಾದ್ರೆ ಓದ್ಲಿ ಕಣ್ಲಾ ದ್ಯಾವ, ನಾನ್ ಬ್ಯಾಡ ಅನ್ನಕಿಲ್ಲ. ತಲೆಗತ್ತದಿದ್ರೆ ಸುಮ್ಕೆ ಯಾಕ್ ಮಡಿಕ್ಕಂಡೀಯ? ನನ್ನಟ್ಟೀಗ್ ಕಳ್ಸು. ಒಗೆಸೊಪ್ಪು ಕಟ್ತಾ ಇರ್ಲಿ. ದೊಡ್ಡೋಳಾದ್ಮ್ಯಾಕೆ ನಮ್ಮ ಐದಂಗೆ ತಂದ್ಕತೀನಿ."

ದ್ಯಾವಯ್ಯ ಹೆಚ್ಚು ಮಾತಿನ ಆಳಲ್ಲ. ಒಂದು ಬೀಡಿ ಸೇದಿ ಮುಗಿಸುವವರೆಗೆ ಯೋಚಿಸಿ ಹೇಳಿದ: "ಈ ಸಲ ಪಾಸಾದ್ರೆ ಆಸನದ ಆಸ್ಟೆಲ್‌ಗೆ ಆಕ್ತೀನಿ. ಫೇಲಾದ್ರೆ ನಿನ್ ಸೊಸೆ. ಮಾತು ಕೊಟ್ಟಿವ್ನಿ ಬುಡಕ್ಕ."

ಮಲ್ಲಿಗಮ್ಮನಿಗೆ ಇದು ಸರಿಯಾಗಿಯೇ ಕಂಡಿತು. ಮಗಳು ಬದುಕಿದ್ದರೆ ಸಾಕು, ಅರಕಲಗೂಡಾದರೇನು, ಎಲ್ಲಾದರೇನು!

ಆ ವರ್ಷ, ಐವತ್ತೊಂಬತ್ತರಲ್ಲಿ, ಶಾಲೆಗೆ ಪ್ರೇಮಕುಮಾರಿ ಎಂಬ ಮೇಷ್ಟ್ರಮ್ಮ ಬಂದರು. ಹಾಸನದ ಹುಡುಗಿ, ಹೊಸ ಕೆಲಸ, ಹೊಸ ಉತ್ಸಾಹ. ಒಂದು ಸಂಜೆ ಅವರು ಕೇರಿಗೇ ನಡೆದುಕೊಂಡು ಬಂದು ಮಲ್ಲಿಗಮ್ಮನ ಜಗುಲಿಯ ಮೇಲೆ ಕೂತರು, ಕೊಟ್ಟ ನೀರನ್ನು ಕುಡಿದರು. ಶಾಲೆಯವರು ಆ ಮನೆಯ ನೀರು ಕುಡಿದದ್ದು ಅದೇ ಮೊದಲು, ಮಲ್ಲಿಗಮ್ಮ ಏನು ಮಾಡಲೂ ತೋಚದೆ ಚೊಂಬನ್ನು ಕೈಯಲ್ಲೇ ಹಿಡಿದು ನಿಂತಳು.

"ನಿಮ್ಮ ಮಗಳು ದಡ್ಡಿ ಅಲ್ಲಮ್ಮ," ಎಂದರು ಮೇಷ್ಟ್ರಮ್ಮ.

"ಅಯ್ಯೋ! ಅಂಗನ್ಬ್ಯಾಡಿ ಮೇಷ್ಟ್ರಮ್ಮಾರೇ. ಅವ್ಳು ಸುದ್ದ ದಡ್ಡಿ. ಕಲ್ಲಿಗ್ ಯೋಳುದ್ರೂ ಕಲ್ತ್ಕತದೆ, ಇವ್ಳು ಕಲೀಕಿಲ್ಲ."

"ಹಾಗಲ್ಲಮ್ಮ. ಬೇರೆ ಮಗು ತಪ್ಪು ಹೇಳಿದಾಗ ಇವಳ ತುಟಿ ಅಲುಗುತ್ತೆ, ನಾನು ನೋಡಿದ್ದೀನಿ. ಉತ್ತರ ತುಟಿ ತನಕ ಬರುತ್ತೆ, ಸ್ಲೇಟಿನ ಮೇಲೆ ಮಾತ್ರ ಬರೋದಿಲ್ಲ. ಕೆಲವು ಮಕ್ಕಳಿಗೆ ಬುದ್ಧಿ ಇದ್ದೂ ಅಕ್ಷರ ಹತ್ತೋದಿಲ್ಲ. ಕೆಲವರಿಗೆ ಕಣ್ಣು ಮಂದ ಇರುತ್ತೆ, ಬೋರ್ಡು ಕಾಣೋದಿಲ್ಲ. ಕಿವಿ ಮಂದ ಇದ್ದರೂ ಹಾಗೇ. ಪಾಪ, ಬೈಸಿಕೊಂಡೇ ದೊಡ್ಡವರಾಗ್ತಾರೆ. ಮುಂದೆ ಕೂರಿಸಿ ನೋಡಿದೆ, ಹಿಂದಿನಿಂದ ಪಿಸುಗುಟ್ಟಿ ನೋಡಿದೆ, ನನಗೆ ತಿಳೀತಾ ಇಲ್ಲ. ಹಾಸನದ ದೊಡ್ಡಾಸ್ಪತ್ರೆಗೆ ಒಂದು ಸಲ ತೋರಿಸಿಬಿಡಿ. ಕಣ್ಣಿನ ತೊಂದರೆ ಇದ್ದು ಸುಮ್ಮನೆ ಬಿಟ್ಟರೆ ಮುಂದೆ ಕಷ್ಟ."

ಮೇಷ್ಟ್ರಮ್ಮ ಬೇಲಿ ದಾಟಿದ್ದೇ ತಡ, ಮಲ್ಲಿಗಮ್ಮ ಉಪ್ಪು ಮೆಣಸಿನಕಾಯಿ ಹಿಡಿದು ಮಗಳಿಗೆ ನಿವಾಳಿಸಿದಳು. "ನಾಯಿ ಕಣ್ಣು, ನರಿ ಕಣ್ಣು, ಊರ ಕಣ್ಣು, ಮಾರಿ ಕಣ್ಣು..." ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಗುಲಿದೆ ಎಂದೇ ಲೆಕ್ಕ. ರಾತ್ರಿ ಗಂಡನಿಗೆ ಎಲ್ಲ ಹೇಳಿದಳು. ಜಾಣೆ ಅಂದದ್ದು ಒಂದು ಭಯ, ಕಣ್ಣು ಹೋಗುತ್ತದೆ ಅಂದದ್ದು ಇನ್ನೊಂದು ಭಯ. "ಕಣ್ ತೋರುಸ್ಕಂಡ್ ಬಾ ಓಗು," ಎಂದ ದ್ಯಾವಯ್ಯ.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಗೋಡೆಗೆ ತಗುಲಿಸಿದ್ದ ಅಕ್ಷರದ ಹಾಳೆ ತೋರಿಸಿ ಓದು ಅಂದರು. ತಿಪ್ಪಿ ತಲೆ ತಗ್ಗಿಸಿ, "ಬರಾಕಿಲ್ಲ ಸಾ" ಎಂದಳು. ದೂರದಲ್ಲಿ ಬೆರಳು ಎತ್ತಿ ತೋರಿಸಿದರು, ಎಷ್ಟು ಎಂದು ಸರಿಯಾಗಿ ಹೇಳಿದಳು. ಗಡಿಯಾರವನ್ನು ಕಿವಿಯ ಹಿಂದೆ ಹಿಡಿದರು, ಕೇಳಿಸುತ್ತದೆ ಎಂದಳು.

"ಕಣ್ಣು ಕಿವಿ ಎರಡೂ ಚೆನ್ನಾಗಿವೆಯಮ್ಮ. ಓದು ತಲೆಗೆ ಹತ್ತೋದಿಲ್ಲ, ಅಷ್ಟೇ. ಕರ್ಕೊಂಡು ಹೋಗು."

ಮಲ್ಲಿಗಮ್ಮ ಡಾಕ್ಟರ ಕಾಲಿಗೇ ಬೀಳುವವಳಿದ್ದಳು. ಕಣ್ಣೂ ಉಳಿಯಿತು, ದಡ್ಡತನವೂ ಉಳಿಯಿತು, ಇನ್ನೇನು ಬೇಕು? ಆ ಖುಷಿಯಲ್ಲಿ ಮಗಳಿಗೆ ಬಸ್‌ಸ್ಟ್ಯಾಂಡಿನ ಹೊರಗೆ ಕಡಲೇಕಾಯಿ ಕೊಡಿಸಿದಳು. ಅಷ್ಟರಲ್ಲಿ ಹೊತ್ತಾಗಿತ್ತು. ಸ್ಟ್ಯಾಂಡಿನಲ್ಲಿ ಜನವೋ ಜನ. ಹಿರೀಸಾವೆ ಬಸ್ಸು ಯಾವುದಪ್ಪಾ ಎಂದು ಕೇಳಿದರೆ ಯಾರೋ ಓಡುತ್ತಲೇ ಆ ಕಡೆ ಕೈ ತೋರಿಸಿದರು. ಅಲ್ಲಿ ಒಂದರ ಪಕ್ಕ ಒಂದು ಬಸ್ಸುಗಳು ನಿಂತಿದ್ದವು, ಒಂದಂತೂ ಗುರ್ರೆನ್ನುತ್ತ ಹೊರಡುವುದರಲ್ಲಿತ್ತು. ಮಲ್ಲಿಗಮ್ಮ ಮಗಳ ರಟ್ಟೆ ಹಿಡಿದು ಓಡಿದಳು. ಬಸ್ಸಿನ ಮುಂದೆ ಬಂದಾಗ ತಿಪ್ಪಿ ತಲೆ ಎತ್ತಿ ಮೇಲೆ ನೋಡಿ ಗಕ್ಕನೆ ನಿಂತಳು. ಅವ್ವನ ಮುಖ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು.

"ಅತ್ತಮ್ಮೀ ಬಿರ್ನೆ! ಏನ್ ಮರ ನೋಡ್ದಂಗ್ ನೋಡ್ತೀಯ, ದಡ್ಡೀ!"

ಹತ್ತಿದರು. ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಮುಂದಿನಿಂದ ಟಿಕೀಟು ಹರಿಯುತ್ತ ಇವರ ಹತ್ತಿರ ಬರುವಷ್ಟರಲ್ಲಿ ಹಾಸನ ಎಲ್ಲೋ ಹಿಂದೆ ಉಳಿದಿತ್ತು.

"ಹಿರೀಸಾವೆನಾ? ಇದು ಅರಕಲಗೂಡು ಬಸ್ಸು ಕಣಮ್ಮ! ಬೋರ್ಡ್ ನೋಡಿ ಹತ್ತೋಕಾಗಲ್ವಾ? ಹೋಲ್ಡಾನ್!"

ತಾಯಿ ಮಗಳಿಬ್ಬರನ್ನೂ ರಸ್ತೆಯ ಮೇಲೆ ಇಳಿಸಿ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಎರಡೂ ಕಡೆ ರಾಗಿ ಕುಯ್ದ ಬರೀ ಹೊಲ, ಒಂದು ಮನೆಯಿಲ್ಲ, ಒಂದು ನರಪಿಳ್ಳೆಯಿಲ್ಲ. ಹೊತ್ತು ಮುಳುಗುತ್ತಿತ್ತು. ಊರಿನ ಕಡೆಯ ಕೊನೆಯ ಬಸ್ಸು ಈ ಹೊತ್ತಿಗೆ ಹೊರಟಿರುತ್ತದೆ ಎಂದು ಮಲ್ಲಿಗಮ್ಮನಿಗೆ ಗೊತ್ತಿತ್ತು. ಹಾಸನದ ಕಡೆ ನಡೆದಳು. ನಡೆದೂ ನಡೆದೂ ಸಾಕಾಗಿ ಒಂದು ಹೊಂಗೆ ಮರದ ಕೆಳಗೆ ಕುಸಿದು ಕೂತಳು. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ. ಅಳು ಬಂದುಬಿಟ್ಟಿತು. ಎಷ್ಟೋ ವರ್ಷದಿಂದ ಕಟ್ಟಿಕೊಂಡಿದ್ದ ಅಳು.

"ನನ್ ಮಂಜ ಇದ್ದಿದ್ರೆ... ಓದಿ ಯೋಳ್ತಿದ್ದ. ಇದಲ್ಲ ಕಣವ್ವ ಬಸ್ಸು, ಅದು ಅಂತಿದ್ದ. ಓದೋ ಮಗ ಒಂದಿದ್ದಿದ್ರೆ ಇಂಗ್ ಬೀದೀಲಿ ಕೂರ್ತಿದ್ನಾ ನಾನು? ಓದೋದ್ನ ಕಿತ್ಕಂಡೆಯಲ್ಲೋ ದ್ಯಾವ್ರೇ..."

ತಿಪ್ಪಿ ಸ್ವಲ್ಪ ದೂರದಲ್ಲಿ ನಿಂತು ಲಂಗದ ಅಂಚು ಹಿಂಡುತ್ತಿದ್ದಳು. ಆಮೇಲೆ ಹತ್ತಿರ ಬಂದಳು.

"ಅವ್ವ, ಅದ್ರ ಮ್ಯಾಲೆ ಅರಕಲಗೂಡು ಅಂತ್ಲೇ ಬರ್ದಿತ್ತು."

"ಏನಂದೆ?"

"ಬಸ್ಸಿನ ನೆತ್ತಿ ಮ್ಯಾಲೆ. ನಮ್ದು ಪಕ್ಕದಲ್ಲಿತ್ತು. ಚನ್ನರಾಯಪಟ್ಟಣ, ಹಿರೀಸಾವೆ ಅಂತ ಬರ್ದಿತ್ತು. ನಾನ್ ಓದ್ದೆ."

ಮಲ್ಲಿಗಮ್ಮನ ಅಳು ನಿಂತಿತು. "ನಿಂಗ್... ಓದಕ್ ಬತ್ತದಾ?"

"ಬತ್ತದೆ."

"ಮತ್ಯಾಕ್ ಯೋಳ್ನಿಲ್ಲ? ಯಾಕ್ ಬಾಯ್ ಮುಚ್ಕಂಡ್ ಅತ್ಕಂಡೆ?"

"ಓದ್ತೀನಿ ಅಂತ ಗೊತ್ತಾದ್ರೆ ನೀನ್ ಅಳ್ತೀಯಲ್ಲವ್ವ. ಎದೆ ಬಡ್ಕತೀಯಲ್ಲ." ಹುಡುಗಿ ಅವ್ವನ ಪಕ್ಕ ಕುಕ್ಕರಿಸಿದಳು. "ಆಮ್ಯಾಕೆ ನಾನೂ ಅಣ್ಣನಂಗೆ ಸತ್ತೋಗ್ಬುಡ್ತೀನಲ್ಲ. ನಂಗ್ ಬಯ ಆಯ್ತದೆ. ಸರಿಯಾದ್ದು ತಂತಾನೇ ಬಂದ್ಬುಡ್ತದೆ ಕಣವ್ವ, ತಪ್ಪು ಉಡುಕ್ಬೇಕು. ಉಡುಕಿ ಬರೀತೀನಿ."

ಮಲ್ಲಿಗಮ್ಮ ಮಾಡಿದ ಮೊದಲ ಕೆಲಸವೇನು ಗೊತ್ತೇ? ಆ ನಿರ್ಜನ ರಸ್ತೆಯಲ್ಲಿ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಅತ್ತಿತ್ತ ನೋಡಿದಳು. ಆಮೇಲೆ ಅವಳಿಗೆ ತಾನೇನು ಮಾಡಿದ್ದೇನೆ ಎಂಬುದು ಹೊಳೆಯಿತು. ಹತ್ತು ಹನ್ನೊಂದು ವರ್ಷದ ಕೂಸು, ಮೂರು ವರ್ಷದಿಂದ ದಿನಾ ಬೆಳಗೆದ್ದು ಶಾಲೆಗೆ ಹೋಗಿ, ಸಾಯದೆ ಇರುವುದಕ್ಕೆಂದು ತಪ್ಪು ಬರೆದು ಬಂದಿದೆ. ಮೇಷ್ಟ್ರ ಕೈಯಲ್ಲಿ ಹೊಡೆಸಿಕೊಂಡಿದೆ, ಓರಗೆಯವರ ಕೈಯಲ್ಲಿ ದಡ್ಡಿ ಅನ್ನಿಸಿಕೊಂಡಿದೆ. ಮನೆಗೆ ಬಂದರೆ ಹೆತ್ತವಳು ಅದಕ್ಕೆ ಬೆಲ್ಲ ತಿನ್ನಿಸಿದ್ದಾಳೆ! ಅವಳು ಮಗಳನ್ನು ಮಡಿಲಿಗೆ ಎಳೆದುಕೊಂಡು, ತಲೆ ನೇವರಿಸಿ ನೇವರಿಸಿ, ಕತ್ತಲಾಗುವವರೆಗೂ ಅತ್ತಳು. ಆಮೇಲೆ ನಡೆದು ಹಾಸನ ತಲುಪಿ, ರಾತ್ರಿ ಬಸ್‌ಸ್ಟ್ಯಾಂಡಿನಲ್ಲೇ ಮಲಗಿ, ಬೆಳಗಿನ ಬಸ್ಸಿಗೆ ಊರು ಸೇರಿದರು.

ಮನೆಗೂ ಹೋಗದೆ ಸೀದಾ ಶಾಲೆಗೇ ಹೋಗಿ ಮಲ್ಲಿಗಮ್ಮ ಮೇಷ್ಟ್ರಮ್ಮನಿಗೆ ಎಲ್ಲವನ್ನೂ ಹೇಳಿದಳು. ಪ್ರೇಮಕುಮಾರಿಯವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಕಾಯಿಲೆ ಎಲ್ಲಿದೆ ಅಂತ ಕಣ್ಣಲ್ಲಿ ಹುಡುಕಿದೆ, ಕಿವೀಲಿ ಹುಡುಕಿದೆ..." ಎಂದು ಹಣೆ ಒತ್ತಿಕೊಂಡರು. "ಆಯ್ತು. ಪರೀಕ್ಷೆಗೆ ಇನ್ನೂ ಒಂದು ವಾರ ಇದೆ. ಅವಳು ಪಾಸಾಗ್ತಾಳೆ ಮಲ್ಲಿಗಮ್ಮ, ಕಣ್ಣು ಮುಚ್ಕೊಂಡು ಪಾಸಾಗ್ತಾಳೆ. ನೀವು ಒಂದೇ ಒಂದು ಕೆಲಸ ಮಾಡಿ. ಹೆದರಬೇಡಿ. ಹೆದರಿಕೆ ಆದರೂ ಅವಳಿಗೆ ಕಾಣೋ ಹಾಗೆ ಹೆದರಬೇಡಿ. ನಗ್ತಾ ಕಳಿಸಿ."

"ಆಗ್ಲಿ ಮೇಷ್ಟ್ರಮ್ಮಾರೇ. ಮಂಜನ ಮ್ಯಾಲಾಣೆ."

ಆ ವಾರ ತಿಪ್ಪಿ ಮನೆಯಲ್ಲಿ ಕೂತು ಓದಿದಳು, ಆದರೆ ಮನಸ್ಸಿನಲ್ಲೇ, ದನಿ ತೆಗೆಯದೆ. ಒಂದೊಂದು ಪುಟ ಮಗುಚಿದಾಗಲೂ ಅವ್ವನ ಮುಖ ನೋಡುತ್ತಿದ್ದಳು. ಮಲ್ಲಿಗಮ್ಮ ನಗುತ್ತಿದ್ದಳು. ಒಲೆಯ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮತ್ತೆ ಈ ಕಡೆ ತಿರುಗಿ ನಗುತ್ತಿದ್ದಳು. ಕೈಗೆ ಸಿಗಬಾರದೆಂದು ಮೆಣಸಿನಕಾಯಿಯ ಕುಡಿಕೆಯನ್ನು ಅಟ್ಟಕ್ಕೆ ಏರಿಸಿದಳು.

ಪರೀಕ್ಷೆಯ ಬೆಳಗ್ಗೆ ಮಗಳಿಗೆ ತಲೆ ಬಾಚಿ, ರೊಟ್ಟಿ ತಿನ್ನಿಸಿ, ಬಾಗಿಲಲ್ಲಿ ನಿಂತು, "ಓಗ್ಬಾ ಮಗ, ಸರಿಯಾಗ್ ಬರಿ, ಏನೂ ಆಗಾಕಿಲ್ಲ" ಎಂದಳು. ಎಲ್ಲವೂ ನೆಟ್ಟಗೇ ನಡೆಯುತ್ತಿತ್ತು. ತಿಪ್ಪಿ ಕೇರಿಯ ತಿರುವಿನ ತನಕ ಹೋಗಿಯೂ ಆಗಿತ್ತು. ಅಲ್ಲಿ ಮಾರಮ್ಮ ಸಗಣಿ ಬುಟ್ಟಿ ಹೊತ್ತು ಎದುರಾದಳು. ಮೇಷ್ಟ್ರಮ್ಮ ಸಂತೋಷ ತಡೆಯಲಾರದೆ ಒಬ್ಬಿಬ್ಬರಿಗೆ ಹೇಳಿದ್ದರು, ಆ ಮಾತು ಕೇರಿಗೂ ಬಂದಿತ್ತು.

"ಏನವ್ವಾ ತಿಪ್ಪಿ, ಬಾಳ ಜಾಣೆಯಂತಲ್ಲಾ ನೀನು!" ಎಂದಳು ಮಾರಮ್ಮ, ಒಳ್ಳೆಯ ಮನಸ್ಸಿನಿಂದಲೇ, ಗಟ್ಟಿಯಾಗಿ. "ನಿಮ್ಮಣ್ಣನಂಗೇ ಮೊದ್ಲು ಬಂದ್ಬುಡು!"

ನಿಮ್ಮಣ್ಣನಂಗೇ! ಬಾಗಿಲಲ್ಲಿ ನಿಂತಿದ್ದ ಮಲ್ಲಿಗಮ್ಮನಿಗೂ ಅದು ಕೇಳಿಸಿತು. ಕೊಟ್ಟ ಆಣೆ ನೆನಪಿಗೆ ಬರಲಿಲ್ಲ, ಮೇಷ್ಟ್ರಮ್ಮನ ಮಾತು ನೆನಪಿಗೆ ಬರಲಿಲ್ಲ. ಕಣ್ಣ ಮುಂದೆ ಬೆಂಚಿನ ಮೇಲೆ ನಿಂತ ಮಗ, ಅವನನ್ನು ತಿನ್ನುವಂತೆ ನೋಡುತ್ತಿದ್ದ ಕಣ್ಣುಗಳು. ಅವಳು ಒಳಗೆ ನುಗ್ಗಿ, ಅಟ್ಟಕ್ಕೆ ಕೈ ನಿಲುಕಿಸಿ, ಕುಡಿಕೆಯನ್ನೇ ಕೆಡವಿ, ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬೀದಿಗೆ ಓಡಿದಳು. ಮಗಳನ್ನು ದಾರಿಯ ನಡುವೆ ನಿಲ್ಲಿಸಿ, ಥೂ ಥೂ ಎಂದು ಉಗಿದು ನಿವಾಳಿಸಿದಳು. ಉಪ್ಪು ದಾರಿಗೆಲ್ಲ ಚೆಲ್ಲಿತು. ಹೆದರಿಕೆ ಮುಖದ ಮೇಲೇ ಕಾಣುತ್ತಿತ್ತು. "ನಾಯಿ ಕಣ್ಣು, ನರಿ ಕಣ್ಣು..."

ತಿಪ್ಪಿ ಅಲ್ಲಾಡದೆ ನಿಂತಿದ್ದಳು. ಅವ್ವನ ಕೈಯನ್ನು ನೋಡಲಿಲ್ಲ, ಮುಖವನ್ನೇ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಶಾಲೆಯ ಕಡೆ ನಡೆದಳು.

ರಜಕ್ಕೆ ಮುಂಚೆ ಕಾರ್ಡು ಬಂತು. ಮಲ್ಲಿಗಮ್ಮ ಈ ಸಲ ಬಾಗಿಲಲ್ಲೇ ಕಾದು ಕೂತಿದ್ದಳು. ತಿಪ್ಪಿ ದೂರದಿಂದಲೇ ಕಾರ್ಡು ಎತ್ತಿ ತೋರಿಸುತ್ತ ಬಂದಳು. ಹತ್ತಿರ ಬಂದು ಅವ್ವನ ಕೈಗಿಟ್ಟು, ದೊಡ್ಡವರು ಚಿಕ್ಕವರಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದಳು:

"ಎದ್ರುಬ್ಯಾಡ ಕಣವ್ವ. ಎಲ್ಲಾ ಕೆಂಪೇ."

ಮಲ್ಲಿಗಮ್ಮ ಕಾರ್ಡನ್ನು ಬೆಳಕಿಗೆ ಹಿಡಿಯಲಿಲ್ಲ. ಗೂಡಿನಲ್ಲಿ ಬೆಲ್ಲವಿತ್ತು, ತೆಗೆಯಲು ಕೈ ಬರಲಿಲ್ಲ.

ಹಿಂದೆಯೇ ಮೇಷ್ಟ್ರಮ್ಮ ಬಂದರು. ಅವರ ಕಣ್ಣು ಊದಿಕೊಂಡಿತ್ತು. "ಪ್ರತಿಯೊಂದನ್ನೂ ಮೊದಲು ಸರಿಯಾಗಿ ಬರೆದಿದ್ದಾಳೆ. ಆಮೇಲೆ ಗೀಟು ಎಳೆದು ಹೊಡೆದು ಹಾಕಿ, ಪಕ್ಕದಲ್ಲಿ ತಪ್ಪು ಬರೆದಿದ್ದಾಳೆ. ಹೆಡ್ ಮೇಷ್ಟ್ರ ಹತ್ತಿರ ಜಗಳ ಆಡಿದೆ. ಹೊಡೆದು ಹಾಕಿದ್ದಕ್ಕೆ ಹೇಗೆ ಮಾರ್ಕ್ಸ್ ಕೊಡ್ಲಿ, ಹೆಸರು ತೆಗೆಯೋದೇ ಅಂತಾರೆ." ಮಲ್ಲಿಗಮ್ಮನ ಮುಖ ನೋಡಿ ಕೇಳಿದರು, "ಆವತ್ತು ಬೆಳಗ್ಗೆ ಏನಾಯ್ತಮ್ಮ?"

ಮಲ್ಲಿಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆ ರಾತ್ರಿ ಗಂಡನ ಕಾಲು ಹಿಡಿದಳು. "ಅವ್ಳು ಜಾಣೆ ಕಣಪ್ಪ, ನನ್ನಾಣೆ ಜಾಣೆ. ನಾನೇ ಕೆಡುಸ್ದೆ. ಇನ್ನೊಂದೊರ್ಸ ನೋಡಾನ."

ದ್ಯಾವಯ್ಯನಿಗೆ ಸಿಟ್ಟು ಬಂತು. ಅಪರೂಪಕ್ಕೆ ಬರುವ ಸಿಟ್ಟು. "ಈಗ್ ಜಾಣೆ ಅಂತೀಯಾ? ಇಷ್ಟೊರ್ಸ ದಡ್ಡಿ ದಡ್ಡಿ ಅಂತ ಊರ್ಗೆಲ್ಲಾ ಡಂಗುರ ಒಡ್ದೋಳು ಯಾರು? ನೀನೇ ಅಲ್ವಾ? ಡಾಕುಟ್ರೂ ಅದ್ನೇ ಅಂದ್ರಲ್ಲ? ಅಕ್ಕಂಗೆ ಮಾತ್ ಕೊಟ್ಟಾಗದೆ." ಆಮೇಲೆ ದನಿ ಇಳಿಸಿದ. "ಬುಡು. ಎಲ್ಲಾದ್ರೂ ಬದ್ಕಿರ್ಲಿ. ನೀನೂ ಅದ್ನೇ ತಾನೇ ಕೇಳ್ಕಂಡಿದ್ದು?"

ಮಲ್ಲಿಗಮ್ಮ ಕೇರಿಯಲ್ಲಿ ಒಬ್ಬೊಬ್ಬರ ಮುಂದೆಯೂ ಹೋಗಿ ತನ್ನ ಮಗಳು ಜಾಣೆ ಎಂದು ಹೇಳಿದಳು. ಎಲ್ಲರೂ ಪಾಪ ಎಂದರು. ಒಬ್ಬ ಮಗ ಹೋದ ಸಂಕಟ, ಇನ್ನೊಬ್ಬಳನ್ನು ಕಳಿಸುವ ಸಂಕಟ, ತಲೆ ಕೆಟ್ಟಿದೆ ಎಂದುಕೊಂಡರು. ಅವಳು ಕಟ್ಟಿದ ಬೇಲಿ ಅಷ್ಟು ಭದ್ರವಾಗಿತ್ತು.

ಮಳೆ ಹಿಡಿಯುವ ಮೊದಲು ಅರಕಲಗೂಡಿಗೆ ಹೊರಟರು. ತಿಪ್ಪಿಯ ಎರಡು ಲಂಗ, ಒಂದು ಕಂಬಳಿ, ಒಂದು ಗಂಟಾಯಿತು. ಪುಸ್ತಕಗಳನ್ನು ಅವಳೇ ಮಾರಮ್ಮನ ಮೊಮ್ಮಗಳಿಗೆ ಕೊಟ್ಟುಬಿಟ್ಟಳು. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬಿಸಿಲು ಸುಡುತ್ತಿತ್ತು. "ಇಲ್ಲೇ ಕುಂತಿರಿ, ಯಾವ್ ಬಸ್ಸು ಅಂತ ಕೇಳ್ಕಂಡ್ ಬತ್ತೀನಿ" ಎಂದು ದ್ಯಾವಯ್ಯ ಜನರ ನಡುವೆ ಹೋದ. ತಾಯಿ ಮಗಳು ಕಲ್ಲುಬೆಂಚಿನ ಮೇಲೆ ಕೂತರು. ಎದುರಿಗೆ ಬಸ್ಸುಗಳು ಸಾಲಾಗಿ ನಿಂತಿದ್ದವು, ಎಲ್ಲವುಗಳ ನೆತ್ತಿಯ ಮೇಲೂ ಮಲ್ಲಿಗಮ್ಮನಿಗೆ ಏನೂ ಹೇಳದ ಅಕ್ಷರಗಳು.

"ಮಗಾ, ಅವ್ನ ಓದು," ಎಂದಳು ಮಲ್ಲಿಗಮ್ಮ.

ತಿಪ್ಪಿ ಬೆಚ್ಚಿ ಸುತ್ತ ನೋಡಿದಳು. "ಬ್ಯಾಡ ಕಣವ್ವ. ಯಾರಾರ ಕೇಳಿಸ್ಕಂಡ್ರೆ?"

"ಕೇಳಿಸ್ಕಳ್ಲಿ. ನಂಗೋಸ್ಕರ ಓದು. ನಾನ್ ಅಳಾಕಿಲ್ಲ."

ಹುಡುಗಿ ಅವ್ವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಸ್ಸುಗಳ ಕಡೆ ತಿರುಗಿ, ಒಂದಾದ ಮೇಲೊಂದು, ಎಲ್ಲೂ ತಡೆಯದೆ ಓದಿದಳು.

"ಹೊಳೇನರಸೀಪುರ. ಚನ್ನರಾಯಪಟ್ಟಣ. ಬೇಲೂರು. ಅರಕಲಗೂಡು."

ಥೇಟ್ ಮಂಜನ ದನಿ. ಮಗಳು ಓದಿದ್ದನ್ನು ಮಲ್ಲಿಗಮ್ಮ ಕೇಳಿದ್ದು ಅದೇ ಮೊದಲು. ಅವಳು ತಲೆ ಎತ್ತಿ ಆ ಕಡೆ ಈ ಕಡೆ ನೋಡಿದಳು. ಯಾರಾದರೂ ಒಬ್ಬರು ಕೇಳಿಸಿಕೊಂಡಿರಲಿ, ಒಬ್ಬರಾದರೂ ತಿರುಗಿ ನೋಡಿ ಭೇಷ್ ಅನ್ನಲಿ ಎಂದು ಆಸೆಯಿಂದ ಒಂದೊಂದು ಮುಖವನ್ನೂ ನೋಡಿದಳು. ಕಡಲೇಕಾಯಿ ಮಾರುವವನು ಪೊಟ್ಟಣ ಕಟ್ಟುತ್ತಿದ್ದ. ಪಕ್ಕದ ಬೆಂಚಿನ ಹೆಂಗಸು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಯಾರೂ ಇತ್ತ ತಿರುಗಲಿಲ್ಲ.

"ಅಕೋ, ಆ ಕೊನೇದು ನಮ್ದು," ಎಂದು ತಿಪ್ಪಿ ಗಂಟನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಳು. "ನಡಿಯವ್ವ, ಓಗಾನ."